ಬಣ್ಣ ಕೇಳಿದ ಬಟ್ಟೆ

ಕಬಡ್ಡಿ, ವಾಲಿಬಾಲ್, ಟೆನಿಸ್‌ಬಾಲ್ ಕ್ರಿಕೆಟ್ ಟೂರ್ನಮೆಂಟುಗಳ ಕಾಲ ಬಂತೆಂದರೆ ತಾಲ್ಲೂಕು ಕೇಂದ್ರದ ಪ್ರಿಂಟಿಂಗ್ ಅಂಗಡಿಗಳಿಗೆ ಊಟಕ್ಕೂ ಪುರಸೊತ್ತು ಇರುವುದಿಲ್ಲ. ಹುಡುಗರ ತಂಡವೊಂದು ಮೊಬೈಲ್ ಹಿಡಿದು ಬರುತ್ತದೆ. ಎದೆಯ ಮೇಲೆ ಹುಲಿಯ ಮುಖ, ತೋಳಿಗೆ ಮಿಂಚಿನ ಗೆರೆ, ಹೊಟ್ಟೆಯ ಮೇಲೆ ದುಡ್ಡು ಕೊಟ್ಟ ಹೋಟೆಲಿನ ಹೆಸರು, ಬೆನ್ನಿಗೆ ಒಬ್ಬೊಬ್ಬರ ಹೆಸರು, ನಂಬರು. ಎಲ್ಲ ತೀರ್ಮಾನವಾದ ಮೇಲೆ ಒಬ್ಬ ಕೇಳುತ್ತಾನೆ: “ಅಣ್ಣಾ, ಕಾಟನ್ನಲ್ಲೇ ಮಾಡ್ಕೊಡಿ, ಸೆಖೆ ತಡ್ಕೊಳ್ಳೋಕಾಗಲ್ಲ.” ಅಂಗಡಿಯವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳುತ್ತಾನೆ: “ಕಾಟನ್‌ಗೆ ಸಬ್ಲಿಮೇಷನ್ ಹಿಡಿಯಲ್ಲ ತಮ್ಮಾ. ಪಾಲಿಯೆಸ್ಟರ್ರೇ ಆಗ್ಬೇಕು.” ಹುಡುಗರು ಒಪ್ಪುತ್ತಾರೆ. ಒಪ್ಪದೆ ಹುಲಿ ಸಿಗುವುದಿಲ್ಲ.

ಯಾವ ಬಟ್ಟೆ ಎನ್ನುವುದನ್ನು ಇಲ್ಲಿ ತೊಡುವವನೂ ಗೊತ್ತು ಮಾಡಲಿಲ್ಲ, ಹೊಲಿಯುವವನೂ ಮಾಡಲಿಲ್ಲ, ಬಣ್ಣ ಮಾಡಿತು. ನಮ್ಮ ಮೈಮೇಲಿನ ಬಟ್ಟೆ ಕಳೆದ ಕೆಲವು ವರ್ಷಗಳಲ್ಲಿ ಸದ್ದಿಲ್ಲದೆ ಪಾಲಿಯೆಸ್ಟರ್ ಆಗುತ್ತಿರುವುದಕ್ಕೆ ಅಗ್ಗದ ಬೆಲೆಯೊಂದೇ ಕಾರಣವೆಂದು ಬಹಳ ಜನ ತಿಳಿದಿದ್ದಾರೆ. ಬೆಲೆಯಷ್ಟೇ ಮುಖ್ಯವಾದ ಇನ್ನೊಂದು ಕಾರಣ ಈ ಅಂಗಡಿಯವನ ಉತ್ತರದಲ್ಲಿದೆ.

ಮೊದಲು ಕೆಲಸ ನಡೆಯುವ ರೀತಿ ನೋಡಿ. ಕಂಪ್ಯೂಟರಿನಲ್ಲಿ ಸಿದ್ಧವಾದ ಚಿತ್ರವನ್ನು ನೇರವಾಗಿ ಬಟ್ಟೆಯ ಮೇಲೆ ಒತ್ತುವುದಿಲ್ಲ. ಒಂದು ಬಗೆಯ ಲೇಪವಿರುವ ಕಾಗದದ ಮೇಲೆ ಎಡ ಬಲ ಅದಲುಬದಲಾಗಿ, ಕನ್ನಡಿಯಲ್ಲಿ ಕಂಡಂತೆ ಮುದ್ರಿಸುತ್ತಾರೆ. ಆಗ ಆ ಕಾಗದ ನೋಡಿದರೆ ಹೊಸಬರಿಗೆ ನಿರಾಸೆಯಾಗುತ್ತದೆ. ಕಪ್ಪು ಎಂದುಕೊಂಡದ್ದು ಮಾಸಲು ಬೂದು, ಕಡುನೀಲಿ ಎಂದುಕೊಂಡದ್ದು ಒಣಗಿದ ಮಸಿಯ ಕಲೆ. ಹುಲಿಗೆ ಜ್ವರ ಬಂದ ಹಾಗಿರುತ್ತದೆ. ಈ ಕಾಗದವನ್ನು ಬಿಳಿ ಪಾಲಿಯೆಸ್ಟರ್ ಬಟ್ಟೆಯ ಮೇಲೆ ಕವುಚಿ ಹಾಕಿ ಹೀಟ್ ಪ್ರೆಸ್‌ನ ತಟ್ಟೆಯನ್ನು ಇಳಿಸುತ್ತಾರೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿ, ಅದಕ್ಕೆ ತಕ್ಕ ಒತ್ತಡ, ಒಂದು ನಿಮಿಷಕ್ಕೂ ಕಡಿಮೆ ಹೊತ್ತು. ತಟ್ಟೆ ಎತ್ತಿದಾಗ ಸಣ್ಣಗೆ ಹೊಗೆ, ಮೂಗಿಗೆ ಹೊಡೆಯುವ ರಾಸಾಯನಿಕದ ವಾಸನೆ. ಕಾಗದದ ಮೂಲೆ ಹಿಡಿದು ಒಂದೇ ಎಳೆತಕ್ಕೆ ಕಿತ್ತರೆ ಕೆಳಗೆ ಕಣ್ಣು ಕೋರೈಸುವ ಕಿತ್ತಳೆ, ಅಚ್ಚ ಕಪ್ಪು. ಕಾಗದದ ಮೇಲೆ ಚಿತ್ರದ ಪೇಲವ ಛಾಯೆ ಮಾತ್ರ ಉಳಿದಿರುತ್ತದೆ. ಎಳೆಯುವಾಗ ಕೈ ನಡುಗಿ ಬಿಸಿ ಕಾಗದ ಒಂದಿಷ್ಟು ಜರುಗಿತೋ, ಹುಲಿಯ ಪಕ್ಕ ಇನ್ನೊಂದು ಮಸುಕು ಹುಲಿ ಮೂಡಿರುತ್ತದೆ. ಅಂಗಡಿಯವರು ಅದಕ್ಕೆ ‘ಘೋಸ್ಟ್’ ಬಂತು ಅನ್ನುತ್ತಾರೆ. ಆ ತುಂಡನ್ನು ಎತ್ತಿಡುವುದೇ ಸೈ, ಅದನ್ನು ತೊಳೆದು ಸರಿಮಾಡುವ ಉಪಾಯ ಇಲ್ಲ.

ಈ ಒಂದು ನಿಮಿಷದೊಳಗೆ ಆದದ್ದೇನು? ದೇವರ ಕೋಣೆಯ ಡಬ್ಬಿಯಲ್ಲಿ ಇಟ್ಟ ಕರ್ಪೂರ ಕರಗಿ ನೀರಾಗದೆಯೇ ದಿನೇ ದಿನೇ ಸಣ್ಣಗಾಗುತ್ತದಲ್ಲ, ಈ ಬಣ್ಣಗಳೂ ಅದೇ ಜಾತಿಯವು. ಘನರೂಪದಿಂದ ನೇರ ಆವಿಯಾಗುತ್ತವೆ. ಶಾಲೆಯ ಪಾಠದಲ್ಲಿ ಉತ್ಪತನ ಎಂದು ಓದಿದ್ದು, ಅಂಗಡಿಯವನು ಸಬ್ಲಿಮೇಷನ್ ಅಂದದ್ದು ಇದನ್ನೇ. ಕರ್ಪೂರಕ್ಕೆ ಕೋಣೆಯ ಬಿಸಿ ಸಾಕು, ಇವಕ್ಕೆ 180ರಿಂದ 210 ಡಿಗ್ರಿಯವರೆಗೆ ಬೇಕು. ಇತ್ತ ಪಾಲಿಯೆಸ್ಟರ್ ಎಳೆಯಲ್ಲಿ ಉದ್ದುದ್ದ ಅಣುಸರಪಳಿಗಳು ಕೆಲವು ಕಡೆ ಒತ್ತಾಗಿ, ಶಿಸ್ತಾಗಿ ಜೋಡಿಸಿಕೊಂಡಿರುತ್ತವೆ. ಕೆಲವು ಕಡೆ ಗೋಜಲಾಗಿ ಬಿದ್ದಿರುತ್ತವೆ. ಸುಮಾರು 70ರಿಂದ 80 ಡಿಗ್ರಿ ದಾಟಿದ ಮೇಲೆ ಆ ಗೋಜಲು ಭಾಗದ ಸರಪಳಿಗಳು ಬಿಗಿ ಬಿಟ್ಟು ಕೊಸರಾಡತೊಡಗುತ್ತವೆ, ನಡುವೆ ಸಂದುಗಳು ತೆರೆಯುತ್ತವೆ. 200 ಡಿಗ್ರಿಯಲ್ಲಿ ಈ ಕೊಸರಾಟ ಜೋರಾಗಿರುತ್ತದೆ. ಎಳೆ ಕರಗಿ ಹೋಗುವುದು 250 ಡಿಗ್ರಿ ದಾಟಿದ ಮೇಲೆ, ಹಾಗಾಗಿ ಬಟ್ಟೆಗೆ ಅಪಾಯವಿಲ್ಲ. ಆವಿಯಾದ ಬಣ್ಣದ ಅಣುಗಳು ಆ ಸಂದುಗಳಿಗೆ ನುಗ್ಗುತ್ತವೆ. ಬಟ್ಟೆ ಆರಿದೊಡನೆ ಸಂದು ಮುಚ್ಚಿಕೊಳ್ಳುತ್ತದೆ, ಬಣ್ಣ ಒಳಗೇ ಉಳಿಯುತ್ತದೆ.

ಹೊಸ ಜೆರ್ಸಿಯ ಮೇಲೆ ಕೈಯಾಡಿಸಿದರೆ ಚಿತ್ರ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಬೆರಳಿಗೆ ತಿಳಿಯದಿರುವುದು ಇದಕ್ಕೇ. ಬಟ್ಟೆಯ ಮೇಲೆ ಏನೂ ಇಲ್ಲ, ಎಲ್ಲವೂ ಎಳೆಯ ಒಳಗಿದೆ. ಹಿಂದೆ ರೆಕ್ಸಿನ್ ತರದ ಹಾಳೆಯಲ್ಲಿ ನಂಬರು ಕತ್ತರಿಸಿ ಬೆನ್ನಿಗೆ ಅಂಟಿಸುತ್ತಿದ್ದರು. ಹತ್ತಾರು ಸಲ ಒಗೆದ ಮೇಲೆ ಅದು ಬಿರುಕು ಬಿಟ್ಟು 8 ಇದ್ದದ್ದು 3 ಆಗುತ್ತಿತ್ತು, ಸ್ಕೋರರನಿಗೆ ತಲೆನೋವು. ಈಗಿನ ನಂಬರು ಬಟ್ಟೆ ಹರಿಯುವ ತನಕ ಇರುತ್ತದೆ.

ಹತ್ತಿಯ ವಿಷಯ ಬೇರೆ. ಹತ್ತಿಯ ಎಳೆ ನೀರಿನ ನಂಟಸ್ತಿಕೆಯದು. ಸಾಧಾರಣ ಹವೆಯಲ್ಲೇ ತನ್ನ ತೂಕದ ಶೇ 8ರಷ್ಟು ತೇವವನ್ನು ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಹೀರುವುದು ಶೇ 0.4 ಮಾತ್ರ. ಸಬ್ಲಿಮೇಷನ್ ಬಣ್ಣಗಳು ನೀರಿನಲ್ಲಿ ಕರಗದ ಜಾತಿಯವು, ಆದ್ದರಿಂದ ನೀರನ್ನು ದೂರವಿಡುವ ಎಳೆಯೇ ಅವಕ್ಕೆ ಮನೆ. ಹತ್ತಿಯ ಮೇಲೂ ಆ ಗಳಿಗೆಗೆ ಚಿತ್ರ ಮೂಡುತ್ತದೆ, ಮಂಕಾಗಿ. ಎರಡು ಒಗೆತಕ್ಕೆ ಹೊರಟುಹೋಗುತ್ತದೆ. ಟೆರಿಕಾಟ್‌ನಂಥ ಮಿಶ್ರ ಬಟ್ಟೆಯಾದರೆ ಪಾಲಿಯೆಸ್ಟರ್ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ ಬಣ್ಣ ಉಳಿದು, ಹೊಸ ಅಂಗಿ ಹತ್ತು ವರ್ಷ ಹಳೆಯದಾಗಿ ಕಾಣುತ್ತದೆ. ಅದನ್ನೇ ‘ವಿಂಟೇಜ್’ ಎಂದು ಕರೆದು ಮಾರುವವರೂ ಇದ್ದಾರೆ, ಅದು ವ್ಯಾಪಾರದ ಜಾಣತನ. ಹುಟ್ಟುಹಬ್ಬಕ್ಕೆ ಫೋಟೊ ಹಾಕಿಸಿಕೊಡುವ ಪಿಂಗಾಣಿ ಮಗ್ಗುಗಳಲ್ಲೂ ಚಿತ್ರ ನಿಲ್ಲುವುದು ಪಿಂಗಾಣಿಯ ಮೇಲಲ್ಲ, ಅದಕ್ಕೆ ಬಳಿದ ತೆಳು ಪಾಲಿಮರ್ ಲೇಪದೊಳಗೆ.

ಸೆಖೆ ಎಂದ ಹುಡುಗನ ದೂರೂ, ಹತ್ತಿ ಆಗುವುದಿಲ್ಲ ಎಂದ ಅಂಗಡಿಯವನ ಉತ್ತರವೂ ಒಂದೇ ಗುಣದಿಂದ ಬಂದವು. ಬೆವರು ಹೀರದ ಎಳೆಗೇ ಹುಲಿ ಹತ್ತುತ್ತದೆ. ಕ್ರೀಡಾ ಬಟ್ಟೆ ಮಾಡುವವರು ಈ ಕೊರತೆಯನ್ನು ನೇಯ್ಗೆಯಲ್ಲಿ ಸರಿದೂಗಿಸಲು ನೋಡುತ್ತಾರೆ. ಸಣ್ಣ ಸಣ್ಣ ತೂತಿನ ಹೆಣಿಗೆ ಮಾಡಿ, ಬೆವರು ಎಳೆಗಳ ನಡುವೆ ಹರಿದು ಹೊರಮೈಗೆ ಬಂದು ಆರುವಂತೆ ಮಾಡುತ್ತಾರೆ. ಓಡಾಡುವವನಿಗೆ ಅದು ಹಿತ. ಅದನ್ನೇ ಹಾಕಿಕೊಂಡು ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತವನನ್ನು ಬೇರೆಯೇ ಕೇಳಬೇಕು.

ಈ ಬಣ್ಣಗಳ ಹುಟ್ಟಿನ ಕತೆಯೂ ಹೀಗೇ, ಬಟ್ಟೆ ಮತ್ತು ಬಣ್ಣದ ಜಗಳದಿಂದ ಶುರುವಾದದ್ದು. ಮೊದಲ ಮಹಾಯುದ್ಧದಲ್ಲಿ ವಿಮಾನದ ರೆಕ್ಕೆಗೆ ಹೊದಿಸಿದ ಬಟ್ಟೆ ಬಿಗಿಯಾಗಲೆಂದು ಸೆಲ್ಯುಲೋಸ್ ಅಸಿಟೇಟಿನ ಲೇಪ ಬಳಿಯುತ್ತಿದ್ದರು. ಸ್ವಿಟ್ಜರ್ಲೆಂಡಿನ ಡ್ರೈಫಸ್ ಸಹೋದರರು ಅದಕ್ಕಾಗಿ ಇಂಗ್ಲೆಂಡಿನಲ್ಲಿ ದೊಡ್ಡ ಕಾರ್ಖಾನೆ ನಡೆಸಿದರು. ಯುದ್ಧ ಮುಗಿಯಿತು, ಲೇಪಕ್ಕೆ ಗಿರಾಕಿ ಇಲ್ಲ. ಅದೇ ವಸ್ತುವಿನಿಂದ ನೂಲು ತೆಗೆದರು. ನೂಲೇನೋ ರೇಷ್ಮೆಯಂತೆ ಹೊಳೆಯಿತು. ಹತ್ತಿ, ಉಣ್ಣೆಗೆ ಹತ್ತುತ್ತಿದ್ದ ಬಣ್ಣಗಳು ಅದಕ್ಕೆ ಸರಿಯಾಗಿ ಹತ್ತಲಿಲ್ಲ. 1920ರ ದಶಕದ ಮೊದಲ ವರ್ಷಗಳಲ್ಲಿ ಬ್ರಿಟನ್ನಿನ ರಸಾಯನಶಾಸ್ತ್ರಜ್ಞರು ದಾರಿ ಕಂಡುಕೊಂಡರು. ನೀರಿನಲ್ಲಿ ಕರಗದ ಬಣ್ಣವನ್ನು ನುಣ್ಣಗೆ ಅರೆದು ನೀರಿನಲ್ಲಿ ತೇಲಾಡುವಂತೆ ಹರಡಿದರೆ ಅಸಿಟೇಟ್ ಅದನ್ನು ತಾನಾಗಿ ಎಳೆದುಕೊಳ್ಳುತ್ತದೆ. ಇವೇ ಡಿಸ್ಪರ್ಸ್ ಬಣ್ಣಗಳು. ಇಂದಿನ ಸಬ್ಲಿಮೇಷನ್ ಇಂಕಿನ ಬಾಟಲಿಯಲ್ಲಿ ಇರುವುದೂ ಇವೇ, ಪ್ರಿಂಟರಿನ ಹೆಡ್ ಕಟ್ಟಿಕೊಳ್ಳದಷ್ಟು ಇನ್ನೂ ನುಣ್ಣಗೆ ಅರೆದದ್ದು.

ಪಾಲಿಯೆಸ್ಟರ್ ಬಂದದ್ದು ಆಮೇಲೆ, 1941ರಲ್ಲಿ. ಕಂಡುಹಿಡಿದವರು ಜಾನ್ ರೆಕ್ಸ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಟೆನೆಂಟ್ ಡಿಕ್ಸನ್. ಅವರು ನೌಕರಿ ಮಾಡುತ್ತಿದ್ದ ಕಂಪನಿಯ ಹೆಸರು ಕ್ಯಾಲಿಕೋ ಪ್ರಿಂಟರ್ಸ್ ಅಸೋಸಿಯೇಷನ್: ಹತ್ತಿ ಬಟ್ಟೆಯ ಮೇಲೆ ಅಚ್ಚು ಹಾಕುವವರ ಮ್ಯಾಂಚೆಸ್ಟರಿನ ದೊಡ್ಡ ಕೂಟ. ಹತ್ತಿಯ ಮುದ್ರಣದಿಂದ ಬದುಕಿದ ಸಂಸ್ಥೆಯೇ ಹತ್ತಿಯ ಪ್ರತಿಸ್ಪರ್ಧಿಯನ್ನು ಹೆತ್ತಿತು. ಇಂಗ್ಲೆಂಡಿನಲ್ಲಿ ಅದು ಟೆರಿಲಿನ್ ಎಂದು ಹೆಸರಾಯಿತು. ನಮ್ಮ ಹಿರಿಯರು ಮದುವೆಗೆ ಹೊಲಿಸಿಕೊಂಡ ಟೆರಿಲಿನ್ ಶರಟು ಅದೇ. ಅದಕ್ಕೆ ಬಣ್ಣ ಹಾಕುವುದು ಅಸಿಟೇಟಿಗಿಂತ ಕಷ್ಟವಾಗಿತ್ತು. ಒತ್ತಡದ ಪಾತ್ರೆಯಲ್ಲಿ 130 ಡಿಗ್ರಿಗೆ ಕುದಿಸಬೇಕು, ಇಲ್ಲವೇ ಬಣ್ಣದಲ್ಲಿ ಅದ್ದಿದ ಬಟ್ಟೆಯನ್ನು 200 ಡಿಗ್ರಿಯ ಒಣಬಿಸಿಯಲ್ಲಿ ಹಾಯಿಸಬೇಕು. ಈ ಒಣಬಿಸಿಯಲ್ಲಿ ಬಣ್ಣ ಆವಿಯಾಗಿ ಅಕ್ಕಪಕ್ಕಕ್ಕೆ ಹಾರುವುದು ಬಣ್ಣ ಹಾಕುವವರಿಗೆಲ್ಲ ಒಂದು ಕಿರಿಕಿರಿಯಾಗಿತ್ತು. 1957ರಲ್ಲಿ ಉತ್ತರ ಫ್ರಾನ್ಸಿನ ರೂಬೆ ಪಟ್ಟಣದ ಜವಳಿ ಕಂಪನಿಯಲ್ಲಿದ್ದ ನೊಯೆಲ್ ದ ಪ್ಲಾಸ್‌ಗೆ ಆ ಕಿರಿಕಿರಿಯೇ ಉಪಾಯವಾಗಿ ಕಂಡಿತು. ಹಾರುವುದಿದ್ದರೆ ಹಾರಲಿ, ನಾವು ಹೇಳಿದ ಕಡೆಗೆ ಹಾರಲಿ. ಚಿತ್ರವನ್ನು ಕಾಗದದ ಮೇಲೆ ಅಚ್ಚುಮಾಡಿ ಬಿಸಿಯಲ್ಲಿ ಬಟ್ಟೆಗೆ ದಾಟಿಸುವ ಮುದ್ರಣ ಅಲ್ಲಿಂದ ಶುರು. 1970ರ ದಶಕದಲ್ಲಿ ಹೆಣೆದ ಪಾಲಿಯೆಸ್ಟರ್ ಉಡುಪಿನ ಹುಚ್ಚು ಪಶ್ಚಿಮದಲ್ಲಿ ಹಬ್ಬಿದಾಗ ಈ ಮುದ್ರಣವೂ ಮೆರೆಯಿತು. ಆ ಫ್ಯಾಷನ್ ಇಳಿದಾಗ ಇದೂ ಇಳಿಯಿತು.

ಮತ್ತೆ ಮೇಲೆದ್ದದ್ದು ಇಂಕ್‌ಜೆಟ್ ಪ್ರಿಂಟರಿನಿಂದ. ಕೆಲವು ಬಗೆಯ ಇಂಕ್‌ಜೆಟ್‌ಗಳು ಇಂಕನ್ನು ಕಾಯಿಸಿ ಚಿಮ್ಮಿಸುತ್ತವೆ. ಬಿಸಿಗೆ ಹಾರುವ ಈ ಬಣ್ಣಕ್ಕೆ ಅದು ಆಗಿಬರದು. ವಿದ್ಯುತ್ ಹಾಯಿಸಿದರೆ ಆಕಾರ ಬದಲಿಸುವ ಹರಳಿನಿಂದ ಇಂಕನ್ನು ತಣ್ಣಗೆ ತಳ್ಳುವ ಪೀಜೋ ಹೆಡ್ ಇದಕ್ಕೆ ಸರಿಹೊಂದಿತು. ಅದರೊಂದಿಗೆ ಲೆಕ್ಕಾಚಾರವೇ ಬದಲಾಯಿತು. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್ ಕಟ್ಟಬೇಕು. ಒಂದೇ ನಮೂನೆಯನ್ನು ನೂರಾರು ತೆಗೆದರೆ ಮಾತ್ರ ಗಿಟ್ಟುತ್ತದೆ. ಇಲ್ಲಿ ಹನ್ನೊಂದು ಅಂಗಿಗೆ ಹನ್ನೊಂದು ಹೆಸರು, ಹನ್ನೊಂದು ಚಿತ್ರ ಹಾಕಿದರೂ ಒಂದು ಪೈಸೆ ಹೆಚ್ಚು ಖರ್ಚಿಲ್ಲ. ಹಳ್ಳಿಯ ಹುಡುಗನ ಬೆನ್ನಿಗೆ ಅವನದೇ ಹೆಸರು ಬಂದದ್ದು ಈ ಲೆಕ್ಕದಿಂದ. ಇದರಲ್ಲಿ ನನಗೆ ನಿಜವಾಗಿ ಖುಷಿಯಿದೆ.

ಇಷ್ಟಾದರೂ ಈ ವಿದ್ಯೆಗೆ ಕೆಲವು ಹಟಗಳಿವೆ. ಇದರಲ್ಲಿ ಬಿಳಿ ಬಣ್ಣವೇ ಇಲ್ಲ. ಚಿತ್ರದಲ್ಲಿ ಬಿಳಿ ಬೇಕಾದ ಕಡೆ ಬಟ್ಟೆಯ ಬಿಳಿಯನ್ನೇ ಖಾಲಿ ಬಿಡಬೇಕು. ಕಪ್ಪು ಬಟ್ಟೆಯ ಮೇಲೆ ಏನು ಒತ್ತಿದರೂ ಕಾಣದು, ಕಪ್ಪು ಜೆರ್ಸಿ ಬೇಕಾದರೆ ಬಿಳಿ ಬಟ್ಟೆಯನ್ನೇ ಪೂರ್ತಿ ಕಪ್ಪು ಮಾಡಬೇಕು. ಹೊಲಿದ ಅಂಗಿಯ ಮೇಲೆ ಒತ್ತಿದರೆ ಕಂಕುಳಿನ ಮಡಿಕೆಯಲ್ಲಿ, ಹೊಲಿಗೆಯ ಅಂಚಿನಲ್ಲಿ ಆವಿ ತಲುಪದೆ ಬಿಳಿ ಗೆರೆ ಉಳಿಯುತ್ತದೆ. ಬೌಲ್ ಮಾಡುವವನು ಕೈ ಎತ್ತಿದಾಗ ಕಂಕುಳ ಕೆಳಗೆ ಬಿಳಿ ಅರ್ಧಚಂದ್ರ ಕಂಡರೆ ಆ ಅಂಗಿ ಹೊಲಿದ ಮೇಲೆ ಮುದ್ರಿಸಿದ್ದು ಎಂದು ತಿಳಿಯಿರಿ. ಒಳ್ಳೆಯ ಕೆಲಸದವರು ಮುಂಭಾಗ, ಹಿಂಭಾಗ, ತೋಳು ಎಂದು ತುಂಡು ತುಂಡಾಗಿ ಮುದ್ರಿಸಿ, ಕತ್ತರಿಸಿ, ಆಮೇಲೆ ಹೊಲಿಸುತ್ತಾರೆ.

ಬಿಸಿಯಿಂದ ಒಳಹೊಕ್ಕ ಬಣ್ಣ ಬಿಸಿಯಿಂದ ಹೊರಗೂ ಬರುತ್ತದೆ, ಇದನ್ನು ಮರೆಯಬಾರದು. ರಾಜ್ಯೋತ್ಸವದ ಹೊತ್ತಿಗೆ ಕೆಂಪು ಪಾಲಿಯೆಸ್ಟರ್ ಟೀಶರ್ಟಿನ ಮೇಲೆ ಬಿಳಿ ಅಕ್ಷರಗಳನ್ನು ಸ್ಕ್ರೀನ್ ಪ್ರಿಂಟ್ ಮಾಡಿಸಿದವರಲ್ಲಿ ಕೆಲವರು ಇದನ್ನು ನೋಡಿರಬಹುದು. ಸಂಜೆ ತಂದಾಗ ಹಾಲಿನಂತಿದ್ದ ‘ಕನ್ನಡ’ ಎರಡು ಮೂರು ದಿನದಲ್ಲಿ ಗುಲಾಬಿಯಾಗಿರುತ್ತದೆ. ಬಿಳಿ ಇಂಕು ಗಟ್ಟಿಯಾಗಲೆಂದು 160 ಡಿಗ್ರಿಗೆ ಕಾಯಿಸಿದಾಗ ಬಟ್ಟೆಯೊಳಗಿನ ಕೆಂಪು ಎಚ್ಚೆತ್ತು ಬಿಳಿಯೊಳಕ್ಕೆ ಹತ್ತಲು ಶುರುಮಾಡುತ್ತದೆ. ಮನೆಯಲ್ಲೂ ಅಷ್ಟೇ. ಇಂಥ ಬಟ್ಟೆಗೆ ಇಸ್ತ್ರಿ ಪೆಟ್ಟಿಗೆಯನ್ನು ಕಾಟನ್ನಿನ ಬಿಸಿಗೆ ಇಟ್ಟು ಒತ್ತಿದರೆ ಕೆಳಗೆ ಹಾಸಿದ ದುಪ್ಪಟಿಗೂ ಹುಲಿಯ ಮೀಸೆ ಮೂಡುತ್ತದೆ. ಕಡಿಮೆ ಬಿಸಿ, ಉಲ್ಟಾ ಮಗ್ಗುಲು: ಇಷ್ಟು ನೆನಪಿಟ್ಟರೆ ಸಾಕು.

ಜೆರ್ಸಿಯ ವಿಷಯದಲ್ಲಿ ಬಣ್ಣ ಬಟ್ಟೆಯನ್ನು ಆರಿಸಿದ್ದರಿಂದ ಯಾರ ಹೊಟ್ಟೆಯ ಮೇಲೂ ಹೊಡೆತ ಬಿದ್ದಿಲ್ಲ. ಸೀರೆಯಲ್ಲಿ ಹಾಗೆ ಹೇಳಲಾಗದು. ದೊಡ್ಡ ಗಿರಣಿಗಳಲ್ಲಿ ಹೀಟ್ ಪ್ರೆಸ್ ಜಾಗಕ್ಕೆ ಕ್ಯಾಲೆಂಡರ್ ಎಂಬ ಯಂತ್ರವಿರುತ್ತದೆ. ಒಳಗೆ ಬಿಸಿ ಎಣ್ಣೆ ತುಂಬಿದ ಭಾರಿ ಉರುಳೆ, ಅದನ್ನು ಸುತ್ತಿದ ದಪ್ಪ ಫೆಲ್ಟ್ ಪಟ್ಟಿ. ನಡುವೆ ಕಾಗದದ ಥಾನು, ಬಟ್ಟೆಯ ಥಾನು ಒಟ್ಟೊಟ್ಟಿಗೆ ಓಡುತ್ತವೆ. ಕೃತಕ ನೂಲಿನ ಸೀರೆಗಳ ರಾಜಧಾನಿ ಸೂರತ್. ಇಂಥ ಉರುಳೆಗೆ ಪಟೋಲವೂ ಒಂದೇ, ಇಕತ್ತೂ ಒಂದೇ, ನಮ್ಮ ಕಸೂತಿಯೂ ಒಂದೇ. ಗೋಪುರ, ತುಳಸಿಕಟ್ಟೆ, ಆನೆ ಅಂಬಾರಿ ಎಲ್ಲವೂ ಒಂದು ಫೋಟೊ. ಇಳಕಲ್ಲಿನ ನೇಕಾರ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆ ಹಾಕಿ ಕೂಡಿಸುವ ‘ತೋಪು ತೆನಿ’ ಕೆಲಸ ಚಿತ್ರದಲ್ಲಿ ಬರೀ ಒಂದು ಗೆರೆ.

ಕೊಳ್ಳುವವರು ಮೋಸಹೋಗದಿರಲು ಒಂದು ಸುಲಭದ ದಾರಿ ಇದೆ, ಸೀರೆಯನ್ನು ತಿರುವಿ ನೋಡುವುದು. ಕಾಗದ ತಾಗಿದ ಮಗ್ಗುಲಿಗೇ ಬಣ್ಣ ಹೆಚ್ಚು, ಹಿಂಬದಿ ಪೇಲವ. ಧಾರವಾಡದ ಕಸೂತಿಯ ಗವಂಟಿ ಹೊಲಿಗೆ ಎರಡೂ ಮಗ್ಗುಲಲ್ಲಿ ಒಂದೇ ಸಮ ಕಾಣುತ್ತದೆ. ಜಾರ್ಜೆಟ್ಟಿನಂಥ ತೆಳು ಬಟ್ಟೆಯಲ್ಲಿ ಆವಿ ಆಚೆಗೂ ಹಾಯುವುದರಿಂದ ಈ ಪರೀಕ್ಷೆ ಕೆಲವೊಮ್ಮೆ ಸೋಲುತ್ತದೆ. ಆಗ ಅಂಚಿನ ಒಂದೆಳೆ ಕಿತ್ತು ಸುಟ್ಟು ನೋಡಿ: ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ, ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಪಾಲಿಯೆಸ್ಟರ್ ಆದರೆ ಮುದುಡಿ, ಕರಗಿ, ಗಟ್ಟಿ ಕರಿಮಣಿಯಾಗಿ ನಿಲ್ಲುತ್ತದೆ. ‘ಡಿಜಿಟಲ್ ಪ್ರಿಂಟ್ ಸಿಲ್ಕ್’ ಎಂಬ ಚೀಟಿ ನಂಬಬೇಕಿಲ್ಲ. ಅಪ್ಪಟ ರೇಷ್ಮೆಯ ಮೇಲೂ ಡಿಜಿಟಲ್ ಮುದ್ರಣ ಸಾಧ್ಯ, ಆದರೆ ಅದಕ್ಕೆ ಬೇರೆ ಬಣ್ಣ, ಆಮೇಲೆ ಉಗಿಯಲ್ಲಿ ಬೇಯಿಸಿ ತೊಳೆಯುವ ಕೆಲಸ. ಪಾಲಿಯೆಸ್ಟರ್ ಸೀರೆಯ ಬೆಲೆಗೆ ಸಿಗುವಂಥದ್ದಲ್ಲ.

ಸಬ್ಲಿಮೇಷನ್ ಮುದ್ರಣವನ್ನು ಪರಿಸರಸ್ನೇಹಿ ಎಂದು ಮಾರುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಗಿಯಿಲ್ಲ, ತೊಳೆಯುವುದಿಲ್ಲ, ಬಣ್ಣದ ನೀರು ಹಳ್ಳಕ್ಕೆ ಹರಿಯುವುದಿಲ್ಲ. ಬಟ್ಟೆಗೆ ಬಣ್ಣ ಹಾಕಿ ನದಿ ಕೆಡಿಸಿದ ಊರುಗಳನ್ನು ಬಲ್ಲವರಿಗೆ ಇದು ಸಣ್ಣ ಮಾತಲ್ಲ. ಆದರೆ ಮೀಟರು ಬಟ್ಟೆಗೆ ಮೀಟರು ಕಾಗದ ರದ್ದಿಗೆ ಹೋಗುತ್ತದೆ. ಬಟ್ಟೆ ಹುಟ್ಟುವುದು ಪೆಟ್ರೋಲಿಯಮ್ಮಿನಿಂದ, ಒಗೆದಾಗಲೆಲ್ಲ ಅದರ ಸೂಕ್ಷ್ಮ ಎಳೆಗಳು ನೀರು ಸೇರುತ್ತವೆ. ಡಿಸ್ಪರ್ಸ್ ಬಣ್ಣಗಳಲ್ಲಿ ಕೆಲವು, ಮುಖ್ಯವಾಗಿ ಡಿಸ್ಪರ್ಸ್ ಬ್ಲೂ 106 ಮತ್ತು 124, ಚರ್ಮಕ್ಕೆ ಅಲರ್ಜಿ ತರುವುದು ವೈದ್ಯರಿಗೆ ಚೆನ್ನಾಗಿ ಗೊತ್ತು. ಒಳ್ಳೆಯ ತಯಾರಕರು ಅವನ್ನು ಬಿಟ್ಟಿದ್ದಾರೆ, ಲೇಬಲ್ಲೇ ಇಲ್ಲದ ಇಂಕಿನ ಕ್ಯಾನಿಗೆ ಜವಾಬುದಾರರು ಯಾರೂ ಇಲ್ಲ. ಹಾಗೆಯೇ ಗಾಳಿಯಾಡದ ಮಳಿಗೆಯಲ್ಲಿ ದಿನವಿಡೀ ಆ ಹೊಗೆ ಕುಡಿಯುವ ಕೆಲಸದ ಹುಡುಗನ ಬಗ್ಗೆ ಜಾಹೀರಾತಿನಲ್ಲಿ ಒಂದಕ್ಷರವೂ ಇರುವುದಿಲ್ಲ. ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಆಗುವ ಖರ್ಚು ಎಷ್ಟು?

ಇನ್ನು ಬಾವುಟದ ಮಾತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಭಾರತೀಯ ಮಾನಕ ಬ್ಯೂರೋದ ಒಪ್ಪಿಗೆಯೊಂದಿಗೆ ರಾಷ್ಟ್ರಧ್ವಜ ತಯಾರಿಸುತ್ತದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದ ಬಟ್ಟೆ ಬರುತ್ತದೆ. ಧ್ವಜದ ಮಾನಕಕ್ಕೆ ಐಎಸ್ 1 ಎಂದೇ ಹೆಸರು, ದೇಶದ ಮಾನಕಗಳ ಪಟ್ಟಿಯಲ್ಲಿ ಮೊದಲ ನಂಬರು ಅದರದು. ನೂಲು, ನೇಯ್ಗೆ, ಬಣ್ಣ, ಅಳತೆ, ಹೊಲಿಗೆ ಎಲ್ಲಕ್ಕೂ ಪರೀಕ್ಷೆ. ಅಶೋಕಚಕ್ರ ಬಾವುಟದ ಎರಡೂ ಮುಖದಲ್ಲಿ ಒಂದರ ಬೆನ್ನಿಗೆ ಒಂದು ಕರಾರುವಾಕ್ಕಾಗಿ ಕೂರಬೇಕು. ಕೂದಲೆಳೆ ಆಚೀಚೆ ಆದರೂ ಬೆಳಕಿಗೆ ಹಿಡಿದಾಗ ಅರಗಳು ಜೋಡಿಯಾಗಿ ಕಾಣುತ್ತವೆ. ತೆಳು ಪಾಲಿಯೆಸ್ಟರಿನಲ್ಲಿ ಈ ತಾಪತ್ರಯವಿಲ್ಲ. ಒಂದು ಕಡೆ ಒತ್ತಿದ ಬಣ್ಣ ಆಚೆಗೂ ಇಳಿಯುತ್ತದೆ, ಕೇಸರಿ, ಹಸಿರು, ಚಕ್ರ ಎಲ್ಲ ಒಂದೇ ಏಟಿಗೆ.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂತು. ಕೈಮಗ್ಗದ ಖಾದಿಯ ಜೊತೆಗೆ ಯಂತ್ರದಲ್ಲಿ ಮಾಡಿದ ಬಾವುಟಕ್ಕೂ, ಪಾಲಿಯೆಸ್ಟರಿಗೂ ಒಪ್ಪಿಗೆ ಸಿಕ್ಕಿತು. ಮರುವರ್ಷ ಆಗಸ್ಟಿನಲ್ಲಿ ಮನೆಮನೆಯಲ್ಲೂ ಬಾವುಟ ಹಾರಿಸುವ ‘ಹರ್ ಘರ್ ತಿರಂಗಾ’ ಅಭಿಯಾನ. ಪಾಲಿಯೆಸ್ಟರ್ ಬಾವುಟಕ್ಕೆ ಬೆಂಗೇರಿಯವರು ಆಕ್ಷೇಪ ಎತ್ತಿದರು. ಸರ್ಕಾರದ ವಾದವನ್ನು ತಳ್ಳಿಹಾಕುವಂತಿಲ್ಲ. ಕೋಟಿಗಟ್ಟಲೆ ಮನೆಗೆ ಕೆಲವೇ ತಿಂಗಳಲ್ಲಿ ಬಾವುಟ ಬೇಕೆಂದರೆ ಚರಕದಿಂದ ಆಗುವ ಕೆಲಸವಲ್ಲ. ಆದರೂ ಬಟ್ಟೆ ಬದಲಾದಾಗ ಅದರೊಂದಿಗೆ ಇನ್ನೇನು ಬದಲಾಗಬೇಕು ಎಂದು ಯಾರೂ ಕೂತು ಯೋಚಿಸಿದಂತಿಲ್ಲ. ಹರಿದ, ಮಾಸಿದ ಧ್ವಜವನ್ನು ಖಾಸಗಿಯಾಗಿ, ಪೂರ್ತಿಯಾಗಿ, ಸಾಧ್ಯವಾದರೆ ಸುಟ್ಟು, ಗೌರವಕ್ಕೆ ಕುಂದಾಗದಂತೆ ವಿಲೇವಾರಿ ಮಾಡಬೇಕು ಎಂದು ಅದೇ ಸಂಹಿತೆ ಹೇಳುತ್ತದೆ. ಖಾದಿಯ ಕಾಲದಲ್ಲಿ ಬರೆದ ಮಾತು ಅದು, ಈಗಲೂ ಹಾಗೇ ಇದೆ. ಪಾಲಿಯೆಸ್ಟರ್ ಬಾವುಟ ಖಾದಿಯಂತೆ ಉರಿದು ಬೂದಿಯಾಗುವುದಿಲ್ಲ, ಕರಿಹೊಗೆ ಬಿಡುತ್ತ ಕರಗಿ ತೊಟ್ಟಿಕ್ಕುತ್ತದೆ. ಆಗಸ್ಟ್ 16ರ ಬೆಳಿಗ್ಗೆ ಬೀದಿಬದಿಯಿಂದ ಅವನ್ನು ಆಯ್ದು ತರುವ ಪೌರಕಾರ್ಮಿಕರು ಏನು ಮಾಡಬೇಕೆಂದು ಸಂಹಿತೆಯಲ್ಲಿ ಒಂದು ಸಾಲು ಸೇರಿಸುವುದು ಗೃಹ ಸಚಿವಾಲಯಕ್ಕೆ ಕಷ್ಟದ ಕೆಲಸವೇನಲ್ಲ.